ಅಟ್ಟದ ಮೇಲಿನ ರ‍್ಯಾಲೆ, ಫೋನಿನಲ್ಲಿ ಗಿರಾಕಿ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳೇ ಮನೆಗಳ ಅಟ್ಟದಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಒಂದು ಸೈಕಲ್ ಬಿದ್ದಿರುವುದು ಅಪರೂಪವೇನಲ್ಲ. ತಾತ ಸಕ್ಕರೆ ಕಾರ್ಖಾನೆಗೆ ತುಳಿದುಕೊಂಡು ಹೋಗುತ್ತಿದ್ದ ರ‍್ಯಾಲೆ ಇರಬಹುದು, ಹರ್ಕ್ಯುಲಿಸ್ ಇರಬಹುದು, ಮಗ ಇಂಜಿನಿಯರಿಂಗ್ ಓದುವಾಗ ಹಟ ಹಿಡಿದು ಕೊಂಡ ಗೇರ್ ಸೈಕಲ್ ಇರಬಹುದು. ಗುಜರಿಯವನು ಅದನ್ನು ಕೆ.ಜಿ. ಲೆಕ್ಕದಲ್ಲಿ ಕೇಳುತ್ತಾನೆ. ಅದೇ ಸೈಕಲ್ಲಿನ ಚರ್ಮದ ಸೀಟನ್ನೋ ಡೈನಮೋವನ್ನೋ ಬಿಡಿಬಿಡಿಯಾಗಿ ಕೇಳುವವರು ಬೆಂಗಳೂರಿನಲ್ಲಿದ್ದಾರೆ, ಇಂಗ್ಲೆಂಡಿನಲ್ಲಿದ್ದಾರೆ, ಆಸ್ಟ್ರೇಲಿಯಾದಲ್ಲೂ ಇದ್ದಾರೆ. ಫೋಟೊ ತೆಗೆದು ಓಎಲ್‌ಎಕ್ಸ್‌ಗೋ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗೋ ಹಾಕುವುದು ಐದು ನಿಮಿಷದ ಕೆಲಸ. ಹಾಕಿದ ಮೇಲೆ ಬರುವ ಮೊದಲ ಫೋನು ಗಿರಾಕಿಯದೋ ಮೋಸಗಾರನದೋ ಎಂದು ತಿಳಿಯುವುದೇ ಕಷ್ಟ.

ಕೊಳ್ಳುವವನು ಮೋಸ ಹೋಗಬಹುದು, ಮಾರುವವನಿಗೆ ಹಣ ಬರುವುದು ತಾನೇ, ಅವನಿಗೇನು ಮೋಸ ಎಂದು ಬಹಳ ಜನ ಎಣಿಸಿದ್ದಾರೆ. ಮೋಸಗಾರನಿಗೆ ಬೇಕಾಗಿರುವುದು ಈ ಧೈರ್ಯವೇ. ಅವನು ಸೀಟಿನ ಆಸೆಗೆ ಫೋನ್ ಮಾಡಿರುವುದಿಲ್ಲ. ‘ಹಣ ಪಡೆಯಲು’ ನಿಮ್ಮಿಂದ ಏನಾದರೂ ಒಂದು ಕೆಲಸ ಮಾಡಿಸುತ್ತಾನೆ: ಕೋಡ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ, ಲಿಂಕ್ ತೆರೆಯಿರಿ, ಕೊರಿಯರ್ ಶುಲ್ಕ ಮೊದಲು ಕಟ್ಟಿ ಎನ್ನುತ್ತಾನೆ. ಹಣ ಬರಬೇಕಾದವರು ಯುಪಿಐ ಐಡಿಯನ್ನೋ ಖಾತೆ ಸಂಖ್ಯೆಯನ್ನೋ ಕೊಟ್ಟು ಸುಮ್ಮನೆ ಕೂತರೆ ಸಾಕು. ಅದಕ್ಕಿಂತ ಹೆಚ್ಚಿನದೇನನ್ನು ಯಾರೇ ಕೇಳಿದರೂ ವ್ಯಾಪಾರ ಅಲ್ಲಿಗೇ ನಿಲ್ಲಿಸಿ.

ಮೊದಲು ವಸ್ತುವನ್ನು ಓದಿ

ಹಣದ ಮಾತಿಗೆ ಮುಂಚೆ ಪಾರ್ಟಿನ ಮಾತು. ಮಾಲು ಕೈಸೇರಿದ ಮೇಲೆ ಹುಟ್ಟುವ ಜಗಳಗಳಲ್ಲಿ ಬಹುಪಾಲು ‘ನೀವು ಹೇಳಿದ್ದು ಒಂದು, ಕಳಿಸಿದ್ದು ಇನ್ನೊಂದು’ ಎಂಬ ಜಾತಿಯವು. ಅಳತೆಯೂ ಗುರುತೂ ಸರಿಯಾಗಿ ಬರೆದಿದ್ದರೆ ಇಂಥ ತಕರಾರಿಗೆ ಜಾಗವೇ ಇರುವುದಿಲ್ಲ. ನಿಜವಾದ ಗಿರಾಕಿ ಕೇಳುವುದೂ ಇದನ್ನೇ. ಹಬ್ಬಿನಲ್ಲಿ ಎಷ್ಟು ತೂತಿವೆ ಎಂದು ವಿಚಾರಿಸುವವನನ್ನು ನಂಬಿ. ಫೋಟೊ ಕೂಡ ನೋಡದೆ, ಚೌಕಾಸಿಯನ್ನೂ ಮಾಡದೆ ‘ಓಕೆ, ಹಣ ಕಳಿಸ್ತೀನಿ’ ಎನ್ನುವವನನ್ನು ನಂಬಬೇಡಿ.

ಹಳೇ ಸೈಕಲ್ಲಾದರೆ ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಕೊಳೆ ಒರೆಸಿ ಅಕ್ಷರ ಹುಡುಕಿ. ರ‍್ಯಾಲೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾಗುತ್ತಿತ್ತು, ನಂತರ ಬಂಗಾಳದ ಆಸನ್‌ಸೋಲ್‌ನಲ್ಲಿ ಸೆನ್-ರ‍್ಯಾಲೆ ಕಾರ್ಖಾನೆಯಲ್ಲೂ ತಯಾರಾಯಿತು. ಹ್ಯಾಂಡಲ್ಲಿನ ಕೆಳಗೆ ಮುಂದುಗಡೆ ಇರುವ ಲೋಹದ ಬಿಲ್ಲೆ ಯಾವ ಊರಿನ ಹೆಸರು ಹೇಳುತ್ತದೆ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಆಸನ್‌ಸೋಲ್‌ನದನ್ನು ಇಂಗ್ಲೆಂಡಿನದು ಎಂದು ಬರೆದರೆ ಗಿರಾಕಿ ಬಿಲ್ಲೆ ನೋಡಿದ ದಿನವೇ ಸಿಕ್ಕಿಬೀಳುತ್ತೀರಿ. ಹರ್ಕ್ಯುಲಿಸ್, ಫಿಲಿಪ್ಸ್, ಬಿಎಸ್‌ಎ ಹೆಸರಿನ ಸೈಕಲ್‌ಗಳನ್ನು ಮದ್ರಾಸಿನ ಅಂಬತ್ತೂರಿನಲ್ಲಿ ಟಿಐ ಸೈಕಲ್ಸ್ ತಯಾರಿಸಿತು. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಅವೇ.

ಅಪರೂಪಕ್ಕೆ ಹಿಂದಿನ ಚಕ್ರದ ಹಬ್ಬಿನ ಮೇಲೆ ಸ್ಟರ್ಮಿ-ಆರ್ಚರ್ ಎಂದು ಕೆತ್ತಿರುತ್ತದೆ. ಪಕ್ಕದಲ್ಲಿ ಎಡಬ್ಲ್ಯು ಎಂಬ ಎರಡಕ್ಷರ, ಅದರ ಹತ್ತಿರ 54 ಅಥವಾ 62ರಂಥ ಒಂದು ಸಂಖ್ಯೆ. ಆ ಸಂಖ್ಯೆ ತಯಾರಾದ ವರ್ಷ. ಜೊತೆಗೆ ಸಣ್ಣ ಅಂಕಿ ಇದ್ದರೆ ಅದು ತಿಂಗಳು. ಒಳಗೇ ಮೂರು ಗೇರುಗಳಿರುವ ಈ ಹಬ್ಬನ್ನು ಕೆ.ಜಿ. ಲೆಕ್ಕಕ್ಕೆ ಹಾಕಿದವರು ಎಷ್ಟು ಜನರೋ. ಬ್ರೂಕ್ಸ್ ಸೀಟಾದರೆ ಹೆಸರು ಚರ್ಮದ ಪಕ್ಕದಲ್ಲೋ ಹಿಂದಿನ ತಗಡಿನಲ್ಲೋ ಒತ್ತಿರುತ್ತದೆ. ಬಣ್ಣ ಬಳಿಯಬೇಡಿ, ಉಪ್ಪುಕಾಗದ ಹಾಕಿ ಉಜ್ಜಬೇಡಿ. ಸಂಗ್ರಹಕಾರರಿಗೆ ಹಳೇ ಬಣ್ಣ, ಹಳೇ ಚಿನ್ನದ ಗೆರೆ ಹಾಗೇ ಬೇಕು. ಹೊಳಪು ಕೊಟ್ಟಷ್ಟೂ ಬೆಲೆ ಇಳಿಯುತ್ತದೆ.

ಅಳತೆಯಲ್ಲಿ ಎಡವುವುದು ಚಕ್ರದ ವಿಷಯದಲ್ಲಿ. ನಮ್ಮ ಹಾಲಿನವರ ಸೈಕಲ್ಲಿನ 28 ಇಂಚಿನ ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ 635 ಮಿ.ಮೀ. ಯುರೋಪಿನ ಅಂಗಡಿಯಲ್ಲಿ ಇವತ್ತು 28 ಎಂದರೆ ಸಾಮಾನ್ಯವಾಗಿ 622. ಹದಿಮೂರು ಮಿಲಿಮೀಟರ್ ವ್ಯತ್ಯಾಸಕ್ಕೆ ಟೈರು ಏರುವುದಿಲ್ಲ, ಏರದ ಟೈರಿಗೆ ಹಣ ವಾಪಸ್ ಕೇಳುತ್ತಾರೆ. ಆದ್ದರಿಂದ ಇಂಚಿನ ಜೊತೆ ಮಿಲಿಮೀಟರನ್ನೂ ಬರೆಯಿರಿ. ಕಡ್ಡಿಗಳ ತೂತು ಎಣಿಸಿ: ಹಳೇ ಇಂಗ್ಲಿಷ್ ಮಾದರಿಯಲ್ಲಿ ಮುಂದೆ 32, ಹಿಂದೆ 40, ಬೇರೆ ದೇಶದ ಸೈಕಲ್‌ಗಳಲ್ಲಿ ಎರಡೂ ಕಡೆ 36 ಇರುವುದೇ ಹೆಚ್ಚು. ಗೇರ್ ಸೈಕಲ್ಲಿನಲ್ಲಿ ಚೈನು ಸರಿಸುವ ಹಿಂದಿನ ಡಿರೇಲರ್‌ನ ಹಿಂಬದಿಯಲ್ಲಿ ಶಿಮಾನೋ ಕಂಪನಿ ಆರ್‌ಡಿ ಎಂದು ಶುರುವಾಗುವ ಸಂಕೇತ ಒತ್ತಿರುತ್ತದೆ, ಅದರ ಫೋಟೊ ಹಾಕಿ. ಸೀಟಿನ ಕಂಬಕ್ಕೆ ವ್ಯಾಸ ಬೇಕು. ಪೆಡಲ್ ಎಡದ್ದೋ ಬಲದ್ದೋ ಹೇಳಿ, ಎಡಗಡೆಯ ಪೆಡಲಿಗೆ ಉಲ್ಟಾ ಮರೆ ಇರುತ್ತದೆ.

ಚೈನು ಸವೆದಿದೆಯೋ ಇಲ್ಲವೋ ಎಂಬುದನ್ನು ಶಾಲೆಯ ಮಕ್ಕಳ ಸ್ಕೇಲಿನಿಂದಲೇ ತೋರಿಸಬಹುದು. ಒಂದು ಪಿನ್ನಿನ ನಡುವಿನಿಂದ ಇಪ್ಪತ್ತನಾಲ್ಕನೆಯ ಕೊಂಡಿಯ ಪಿನ್ನಿನ ನಡುವಿನವರೆಗೆ ಹೊಸ ಚೈನು ಸರಿಯಾಗಿ 12 ಇಂಚು. ಇಂಚಿನ ಹದಿನಾರನೇ ಒಂದರಷ್ಟು ಮುಂದೆ ಹೋಗಿದ್ದರೆ ಚೈನು ಮುಗಿಯಿತು. ಎಂಟನೇ ಒಂದರಷ್ಟು ಹೋಗಿದ್ದರೆ ಹಲ್ಲಿನ ಚಕ್ರಗಳೂ ಸವೆದಿವೆ. ಸ್ಕೇಲ್ ಇಟ್ಟು ತೆಗೆದ ಒಂದು ಫೋಟೊ ಹತ್ತು ಸಾಲಿನ ವರ್ಣನೆಗಿಂತ ಚೆನ್ನಾಗಿ ಮಾರುತ್ತದೆ.

ಬಿಚ್ಚುವ ಕೆಲಸವನ್ನು ಪರಿಚಯದ ಸೈಕಲ್ ಶಾಪಿನವರಿಂದ ಮಾಡಿಸಿ, ಕೂಲಿ ಕೊಡಿ. ಹಳೇ ಸೈಕಲ್ಲಿನ ಕ್ರ್ಯಾಂಕ್ ಹಿಡಿದಿರುವ ಕಾಟರ್ ಪಿನ್ನನ್ನು ನಟ್ಟು ಪೂರ್ತಿ ಬಿಚ್ಚಿ ಸುತ್ತಿಗೆಯಲ್ಲಿ ಹೊಡೆದರೆ ಮರೆ ಚಪ್ಪಟೆಯಾಗುತ್ತದೆ. ನಟ್ಟನ್ನು ಪಿನ್ನಿನ ತುದಿಗೆ ಸಮವಾಗಿ ಬಿಟ್ಟು ಹೊಡೆಯುವುದು ಅನುಭವಸ್ಥರ ಪದ್ಧತಿ.

ಬಿದ್ದು ಏಟು ತಿಂದ ಕಾರ್ಬನ್ ಫೋರ್ಕು, ಬಾಗಿದ ಹ್ಯಾಂಡಲ್ಲು, ಬಿರುಕು ಬಿಟ್ಟ ಕ್ರ್ಯಾಂಕು ಇವನ್ನು ಮಾತ್ರ ಯಾವ ಬೆಲೆಗೂ ಮಾರಬೇಡಿ. ಓಡುವಾಗ ಮುರಿದರೆ ಬೀಳುವವನು ಮನುಷ್ಯ.

ಪಾರ್ಟು ನಿಮ್ಮದೇ ಸೈಕಲ್ಲಿನದಾದರೆ ಪೂರ್ತಿ ಸೈಕಲ್ಲಿನ ಒಂದು ಫೋಟೊ, ಬಿಲ್ಲಿದ್ದರೆ ಬಿಲ್ಲು ಇಟ್ಟುಕೊಳ್ಳಿ. ಬೇರೆಯವರಿಂದ ಕೊಂಡು ಮಾರುವುದಾದರೆ ಕೊಟ್ಟವರ ಹೆಸರು, ಫೋನು, ರುಜು ಇರುವ ಚೀಟಿ ಪಡೆಯಿರಿ. ಕದ್ದ ಮಾಲೆಂದು ಗೊತ್ತಿದ್ದೂ ಅಥವಾ ಅನುಮಾನಕ್ಕೆ ಕಾರಣವಿದ್ದೂ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ.

ಕೈಗೆ ಕೈ ವ್ಯಾಪಾರ

ಗಿರಾಕಿ ಬೆಂಗಳೂರಿನವನೋ ಮೈಸೂರಿನವನೋ ಆದರೆ ಬಂದು ನೋಡಿ ಕೊಂಡು ಹೋಗಲಿ, ಅದಕ್ಕಿಂತ ಒಳ್ಳೆಯದು ಇಲ್ಲ. ಮಂಡ್ಯ, ಮದ್ದೂರು ಎರಡೂ ಕಡೆ ರೈಲು ನಿಲ್ದಾಣವಿದೆ. ಮಳವಳ್ಳಿಗೆ ರೈಲಿಲ್ಲ, ಅಲ್ಲಿಯವರು ಮದ್ದೂರಿಗೆ ಬಂದರೆ ಇಬ್ಬರಿಗೂ ಅನುಕೂಲ. ಹಗಲು ಹೊತ್ತು, ನಿಲ್ದಾಣದ ಮುಂದೆಯೋ ಬ್ಯಾಂಕಿನ ಬಾಗಿಲಲ್ಲೋ ಭೇಟಿಯಾಗಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಮನೆಗೆ ಕರೆಯಬೇಡಿ, ಅಟ್ಟದಲ್ಲಿ ಇನ್ನೇನಿದೆ ಎಂದು ಅಪರಿಚಿತನಿಗೆ ತಿಳಿಯಬೇಕಾಗಿಲ್ಲ. ಜಾಹೀರಾತಿಗೆ ಹಾಕುವ ಫೋಟೊದಲ್ಲಿ ಬೈಕಿನ ನಂಬರು, ಮನೆಯ ಬಾಗಿಲ ಸಂಖ್ಯೆ ಕಾಣದ ಹಾಗೆ ನೋಡಿಕೊಳ್ಳಿ.

ಹಣದ ವಿಷಯ

1. ಯುಪಿಐ ಪಿನ್ ಇರುವುದು ನಿಮ್ಮ ಖಾತೆಯಿಂದ ಹಣ ಹೊರಗೆ ಹೋಗಲು ಒಪ್ಪಿಗೆ ಕೊಡುವುದಕ್ಕೆ, ಇಲ್ಲವೇ ಬ್ಯಾಲೆನ್ಸ್ ನೋಡುವುದಕ್ಕೆ. ಹಣ ಒಳಗೆ ಬರಲು ಪಿನ್ ಬೇಡ, ಸ್ಕ್ಯಾನ್ ಬೇಡ, ಓಟಿಪಿ ಬೇಡ. ‘ಒಂದು ರೂಪಾಯಿ ಕಳಿಸಿ ನೋಡ್ತೀನಿ ಅಣ್ಣ, ನೀವು ಕೋಡ್ ಸ್ಕ್ಯಾನ್ ಮಾಡಿ’ ಎಂದರೆ ಆ ಕೋಡು ನಿಮ್ಮಿಂದ ಹಣ ಕೀಳುವ ಕೋಡು. ವ್ಯಕ್ತಿಯಿಂದ ವ್ಯಕ್ತಿಗೆ ಬರುತ್ತಿದ್ದ ಹಣ ಕೇಳುವ ಕೋರಿಕೆಯನ್ನು 2025ರ ಅಕ್ಟೋಬರ್‌ನಲ್ಲಿ ಯುಪಿಐ ವ್ಯವಸ್ಥೆಯಿಂದ ತೆಗೆಯಲಾಗಿದೆ. ಅಂಗಡಿ ಖಾತೆಯ ಹೆಸರಿನ ಕೋರಿಕೆಗಳೂ ಕ್ಯೂಆರ್ ಕೋಡೂ ಹಾಗೇ ಇವೆ, ಮೋಸವೂ ಆ ದಾರಿ ಹಿಡಿದಿದೆ.

2. ‘ನಾನು ಸೈನ್ಯದಲ್ಲಿದ್ದೀನಿ, ಡ್ಯೂಟಿ ಬಿಟ್ಟು ಬರೋಕಾಗಲ್ಲ, ನಮ್ಮ ಹುಡುಗ ಗಾಡಿ ತಂದು ತಗೊಂಡು ಹೋಗ್ತಾನೆ’ ಎಂಬುದು ಹಳೇ ಆಟ. ಗುರುತಿನ ಚೀಟಿಯ ಫೋಟೊ, ಸಮವಸ್ತ್ರದ ಫೋಟೊ ಕಳಿಸುತ್ತಾರೆ. ಅವು ಇನ್ಯಾರೋ ಯೋಧನ ಕದ್ದ ಚಿತ್ರಗಳು. ಸೈನಿಕರ ಬಗ್ಗೆ ಇರುವ ಗೌರವವನ್ನೇ ಗಾಳವಾಗಿ ಹಾಕುತ್ತಾರೆ.

3. ಸ್ಕ್ರೀನ್‌ಶಾಟ್ ನಂಬಬೇಡಿ, ಎಸ್‌ಎಂಎಸ್ ಕೂಡ ನಂಬಬೇಡಿ. ಹಣ ಕಳಿಸಿದಂತೆ ತೋರಿಸುವ ನಕಲಿ ಆ್ಯಪ್‌ಗಳಿವೆ. ನಿಮ್ಮದೇ ಬ್ಯಾಂಕಿನ ಆ್ಯಪ್ ತೆರೆದು ಖಾತೆಯ ವಿವರದಲ್ಲಿ ಮೊತ್ತ ಕಂಡ ಮೇಲೆ ಮಾಲು ಕೊಡಿ.

4. ‘ಎರಡು ಸಾವಿರದ ಬದಲು ಇಪ್ಪತ್ತು ಸಾವಿರ ಹೋಗಿಬಿಡ್ತು, ಉಳಿದದ್ದು ವಾಪಸ್ ಹಾಕಿ’ ಎಂದು ಅಳುವ ದನಿ ಬಂದರೆ ಮೊದಲು ಖಾತೆ ನೋಡಿ. ಸಾಮಾನ್ಯವಾಗಿ ಏನೂ ಬಂದಿರುವುದಿಲ್ಲ. ನಿಜಕ್ಕೂ ಬಂದಿದ್ದರೆ ನಿಮ್ಮ ಬ್ಯಾಂಕಿಗೆ ತಿಳಿಸಿ, ಬ್ಯಾಂಕಿನ ಮೂಲಕವೇ ಹಿಂತಿರುಗಲಿ.

5. ಹಣ ಮಾತಾಡಿದವನ ಹೆಸರಿನ ಖಾತೆಯಿಂದಲೇ ಬರಬೇಕು. ಇದು ಬಹಳ ಜನಕ್ಕೆ ಗೊತ್ತಿಲ್ಲದ ಅಪಾಯ. ಬೇರೆಲ್ಲೋ ಒಬ್ಬರಿಗೆ ಟೋಪಿ ಹಾಕಿದ ಹಣವನ್ನು ನಿಮ್ಮ ಖಾತೆಗೆ ಹಾಕಿಸಿ, ನಿಮ್ಮಿಂದ ಮಾಲು ಒಯ್ಯುತ್ತಾರೆ. ಹಣ ಕಳೆದುಕೊಂಡವರು ದೂರು ಕೊಟ್ಟಾಗ ಪೊಲೀಸರು ಆ ಹಣದ ಜಾಡು ಹಿಡಿದು ಬರುತ್ತಾರೆ, ನಿಮ್ಮ ಖಾತೆಯಲ್ಲಿ ಆ ಮೊತ್ತ, ಕೆಲವೊಮ್ಮೆ ಇಡೀ ಖಾತೆ, ತಡೆಯಾಗುತ್ತದೆ. ಕಬ್ಬಿನ ಬಾಕಿ, ಹಾಲಿನ ಬಟವಾಡೆ ಬರುವ ಖಾತೆಯೇ ನಿಂತುಹೋದರೆ ಸಂಸಾರ ನಡೆಯುವುದು ಹೇಗೆ? ಮಾರಾಟಕ್ಕೆಂದು ಬೇರೆ ಒಂದು ಉಳಿತಾಯ ಖಾತೆ ಇಟ್ಟುಕೊಳ್ಳಿ, ಗಿರಾಕಿಯ ಜೊತೆಗಿನ ಸಂದೇಶಗಳನ್ನು ಅಳಿಸಬೇಡಿ.

ಬೇರೆ ಊರಿಗೆ ಕಳಿಸುವಾಗ

ಮೊದಲು ಹಣ, ಆಮೇಲೆ ಪಾರ್ಸೆಲ್. ಸಣ್ಣ ಪಾರ್ಟಿಗೆ ಸ್ಪೀಡ್ ಪೋಸ್ಟ್ ಸಾಕು. ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಅದರೊಳಗೇ ಸೇರಿಸಿದ್ದಾರೆ. ಪಡೆಯುವವರಿಂದ ಓಟಿಪಿ ಪಡೆದು ಬಟವಾಡೆ ಮಾಡುವ ಸೌಲಭ್ಯವಿದೆ, ಕೌಂಟರಿನಲ್ಲಿ ಕೇಳಿ. ‘ಬಂದೇ ಇಲ್ಲ’ ಎಂಬ ತಕರಾರಿಗೆ ಅದು ನೇರ ಉತ್ತರ. ರಾಜ್ಯದೊಳಗೆ ಭಾರದ ಮಾಲಿಗೆ ಕೆಎಸ್‌ಆರ್‌ಟಿಸಿ 2021ರಲ್ಲಿ ಶುರುಮಾಡಿದ ‘ನಮ್ಮ ಕಾರ್ಗೋ’ ಇದೆ.

ಖಾಸಗಿ ಕೊರಿಯರಿನವರು ನಿಜ ತೂಕ, ಗಾತ್ರದ ಲೆಕ್ಕದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ ಹಾಕುತ್ತಾರೆ. ಗಾತ್ರದ್ದಕ್ಕೆ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. 70, 70, 15 ಸೆಂ.ಮೀ. ಪೆಟ್ಟಿಗೆಯಲ್ಲಿ ಒಂದು ಚಕ್ರ ಇಟ್ಟರೆ 14.7 ಕೆ.ಜಿ. ಆಗುತ್ತದೆ, ಚಕ್ರದ ನಿಜ ತೂಕ ಎರಡು ಕೆ.ಜಿ. ಇದ್ದರೂ! ಬೆಲೆ ಮಾತಾಡುವ ಮುಂಚೆಯೇ ಪೆಟ್ಟಿಗೆ ಅಳೆಯಿರಿ. ಚಕ್ರ ಕಳಿಸುವುದು ನಷ್ಟ ಎನಿಸಿದರೆ ಕಡ್ಡಿ ಬಿಚ್ಚಿ ಹಬ್ಬನ್ನಷ್ಟೇ ಮಾರಿ.

ಪ್ಯಾಕ್ ಮಾಡುವಾಗ ವಿಡಿಯೊ ತೆಗೆಯಿರಿ: ಪಾರ್ಟಿನ ಮೇಲಿನ ಸಂಖ್ಯೆ, ಪೆಟ್ಟಿಗೆಯೊಳಗೆ ಇಡುವುದು, ಟೇಪು ಹಾಕುವುದು, ವಿಳಾಸ, ಎಲ್ಲವೂ ಒಂದೇ ಓಟದಲ್ಲಿ ಬರಲಿ. ‘ಖಾಲಿ ಪೆಟ್ಟಿಗೆ ಬಂತು’, ‘ಮುರಿದದ್ದು ಕಳಿಸಿದ್ದಾರೆ’ ಎಂದು ಬೇರೆ ಪಾರ್ಟಿನ ಫೋಟೊ ಕಳಿಸುವವರಿಗೆ ಈ ವಿಡಿಯೊ ಬಿಟ್ಟು ಬೇರೆ ಮದ್ದಿಲ್ಲ. ಚೂಪಾದ ತುದಿಗಳಿಗೆ ಹಳೇ ಟ್ಯೂಬಿನ ತುಂಡು ಸುತ್ತಿ. ರಬ್ಬರ್ ಸೊಲ್ಯೂಷನ್, ಬ್ರೇಕ್ ಎಣ್ಣೆ, ಗ್ಯಾಸ್ ಸಿಲಿಂಡರ್, ಇ-ಸೈಕಲ್ಲಿನ ಬ್ಯಾಟರಿ ಇವನ್ನು ಅಂಚೆ ಪಾರ್ಸೆಲ್ಲಿನಲ್ಲಿ ತುರುಕಬೇಡಿ. ವಿಮಾನಕ್ಕೆ ಅಪಾಯ, ಸಿಕ್ಕಿದರೆ ಕೇಸು.

ಸಮುದ್ರದಾಚೆಯ ಗಿರಾಕಿ

ವಿದೇಶದವರಿಗೆ ಮಾರುವುದು ಕಾನೂನಿನ ಕಣ್ಣಿಗೆ ರಫ್ತು. ವ್ಯಾಪಾರದ ರಫ್ತಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ (ಡಿಜಿಎಫ್‌ಟಿ) ಕೊಡುವ ಆಮದು-ರಫ್ತು ಸಂಕೇತ ಸಂಖ್ಯೆ (ಐಇಸಿ) ಬೇಕು. ಪ್ಯಾನ್ ಮತ್ತು ಬ್ಯಾಂಕ್ ಖಾತೆ ಇದ್ದರೆ 500 ರೂಪಾಯಿ ಶುಲ್ಕ ಕಟ್ಟಿ ಮನೆಯಿಂದಲೇ ಪಡೆಯಬಹುದು. ಅಂಚೆಯ ಮೂಲಕ ರಫ್ತು ಮಾಡುವವರಿಗೆಂದೇ ಇಲಾಖೆ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ಗಳನ್ನು ತೆರೆದಿದೆ, ನಿಮಗೆ ಹತ್ತಿರದ್ದು ಯಾವುದೆಂದು ಮಂಡ್ಯದ ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ. ಸೈಕಲ್ ಬಿಡಿಭಾಗಗಳ ಸುಂಕದ ಸಂಖ್ಯೆ 8714ರಿಂದ ಶುರುವಾಗುತ್ತದೆ, ಅದನ್ನೂ ‘ಬಳಸಿದ ಸೈಕಲ್ ಬಿಡಿಭಾಗ’ ಎಂಬುದನ್ನೂ ಕಸ್ಟಮ್ಸ್ ಘೋಷಣೆಯಲ್ಲಿ ಬರೆಯಿರಿ. ಅಟ್ಟದ ಒಂದು ಸೈಕಲ್ ಮುಗಿಸುವುದು ಬೇರೆ, ಊರೂರು ತಿರುಗಿ ಕೊಂಡು ಮಾರುವುದು ಬೇರೆ. ಎರಡನೆಯದಕ್ಕೆ ಇಳಿದರೆ ಜಿಎಸ್‌ಟಿ ವಿಷಯವನ್ನು ಲೆಕ್ಕಪರಿಶೋಧಕರ ಬಳಿ ಕೂತು ತೀರ್ಮಾನಿಸಿಕೊಳ್ಳಿ.

ಹಣ ಪಡೆಯಲು ಪೇಪಾಲ್ ಹೆಚ್ಚು ಬಳಕೆಯಲ್ಲಿದೆ. 2021ರ ಏಪ್ರಿಲ್‌ನಿಂದ ಅದು ಭಾರತದೊಳಗಿನ ಪಾವತಿ ನಿಲ್ಲಿಸಿ ವಿದೇಶದಿಂದ ಬರುವ ಹಣಕ್ಕಷ್ಟೇ ಉಳಿದಿದೆ. ಶೇ. 4ಕ್ಕೂ ಮೇಲ್ಪಟ್ಟು ಕಮಿಷನ್ ಹೋಗುತ್ತದೆ, ವಿನಿಮಯ ದರದಲ್ಲೂ ಚೂರು ಕಡಿತ. ಕೊಂಡವರು 180 ದಿನದವರೆಗೆ ತಕರಾರು ಎತ್ತಬಹುದು ಎಂಬುದನ್ನು ಮರೆಯಬೇಡಿ. ತಕರಾರಿನಲ್ಲಿ ನಿಮ್ಮ ಪರ ನಿಲ್ಲುವುದು ಎರಡೇ ದಾಖಲೆ: ಪೇಪಾಲ್ ವಿವರದಲ್ಲಿರುವ ವಿಳಾಸಕ್ಕೇ ಕಳಿಸಿದ್ದು, ಅಲ್ಲಿಗೆ ತಲುಪಿದ್ದಕ್ಕೆ ಟ್ರ್ಯಾಕಿಂಗ್ ಇರುವುದು. ‘ನನ್ನ ಗೆಳೆಯನ ವಿಳಾಸಕ್ಕೆ ಕಳಿಸಿ’ ಎಂದರೆ ಆಗುವುದಿಲ್ಲ ಎಂದುಬಿಡಿ. ದೊಡ್ಡ ಮೊತ್ತವಾದರೆ ನೇರವಾಗಿ ಬ್ಯಾಂಕಿಗೆ ಹಾಕಿಸಿಕೊಳ್ಳುವುದೇ ಮೇಲು. ಗಿರಾಕಿ ಒಪ್ಪುವುದು ಕಷ್ಟ, ಒಪ್ಪಿದರೆ ನಿಮಗೆ ಕ್ಷೇಮ. ಕೌಂಟರಿನಲ್ಲಿ ನಗದು ಕೊಡುವ ಹಣ ವರ್ಗಾವಣೆ ಸೇವೆಗಳಿರುವುದು ಮನೆಯವರು ಕಳಿಸುವ ಹಣಕ್ಕೆ, ವ್ಯಾಪಾರಕ್ಕಲ್ಲ.

‘ಪೇಪಾಲ್‌ನಲ್ಲಿ ಹಣ ಹಾಕಿದ್ದೇನೆ, ಕೊರಿಯರ್ ಏಜೆಂಟಿಗೆ ಮೊದಲು ನೀವು ಕಟ್ಟಿದರೆ ಬಿಡುಗಡೆಯಾಗುತ್ತದೆ’ ಎಂಬ ಇಮೇಲ್ ಬಂದರೆ ಅದು ನಕಲಿ. ಇಮೇಲಿನಲ್ಲಿರುವ ಲಿಂಕ್ ಒತ್ತದೆ, ಆ್ಯಪನ್ನು ನೀವೇ ತೆರೆದು ನೋಡಿ.

ಇನ್ನು ಮಣ್ಣಿನ ವಿಷಯ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳು ಹೊರಗಿನ ಮಣ್ಣು, ಬೀಜ, ಹುಲ್ಲನ್ನು ಒಳಗೆ ಬಿಡುವುದಿಲ್ಲ. ಟೈರಿನ ಗೆರೆಯಲ್ಲಿ ಗದ್ದೆಯ ಕೆಸರು ಒಣಗಿ ಕೂತಿದ್ದರೆ, ಮಡ್‌ಗಾರ್ಡಿನ ಒಳಬದಿಯಲ್ಲಿ ಮಣ್ಣಿನ ಪದರವಿದ್ದರೆ ಪಾರ್ಸೆಲ್ ಅಲ್ಲೇ ನಿಲ್ಲುತ್ತದೆ. ತೊಳೆಸಲು ಗಿರಾಕಿಯಿಂದ ಹಣ ಕೇಳುತ್ತಾರೆ ಅಥವಾ ನಾಶ ಮಾಡುತ್ತಾರೆ. ಹಲ್ಲುಜ್ಜುವ ಹಳೇ ಬ್ರಷ್ ಹಿಡಿದು ತಿಕ್ಕಿ ತೊಳೆದು ಒಣಗಿಸಿ. ಮೆತ್ತಗಿರಲಿ ಎಂದು ಭತ್ತದ ಹುಲ್ಲು ತುಂಬುವ ನಮ್ಮ ಅಭ್ಯಾಸ ಇಲ್ಲಿ ಬೇಡವೇ ಬೇಡ. ಮರದ ಪೆಟ್ಟಿಗೆಗೂ ಹುಳು ಕೊಂದ ಮುದ್ರೆ ಬೇಕು, ರಟ್ಟಿನ ಪೆಟ್ಟಿಗೆಯಲ್ಲೇ ಕಳಿಸಿ.

ಅಮೆರಿಕಕ್ಕೆ 800 ಡಾಲರ್ ಒಳಗಿನ ಪಾರ್ಸೆಲ್ಲಿಗೆ ಸುಂಕವಿಲ್ಲ ಎಂಬ ಹಳೇ ಮಾತು ಈಗ ನಡೆಯುವುದಿಲ್ಲ. ಆ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಮುಗಿಯಿತು. ಅದರ ಮುಂಚೆಯೇ ನಿಲ್ಲಿಸಿದ್ದ ಅಂಚೆ ಸೇವೆಯನ್ನು ನಮ್ಮ ಇಲಾಖೆ ಅಕ್ಟೋಬರ್ 15ರಂದು ಮತ್ತೆ ಶುರುಮಾಡಿತು. ಸುಂಕವನ್ನು ಇಲ್ಲೇ ಮುಂಗಡ ಕಟ್ಟಬೇಕು. ದರ ಬದಲಾಗುತ್ತಿರುತ್ತದೆ, ಕಳಿಸುವ ದಿನ ಕೇಳಿಕೊಂಡು ಗಿರಾಕಿಯಿಂದ ವಸೂಲು ಮಾಡಿ.

ನೂರು ವರ್ಷ ದಾಟಿದ ವಸ್ತುವಾದರೆ ಒಂದು ಹೆಜ್ಜೆ ನಿಲ್ಲಿ. 1972ರ ಪುರಾತನ ವಸ್ತುಗಳ ಕಾಯ್ದೆ ಖಾಸಗಿಯವರು ಪುರಾತನ ವಸ್ತು ರಫ್ತು ಮಾಡುವುದನ್ನು ನಿಷೇಧಿಸಿದೆ. ಅನುಮಾನವಿದ್ದರೆ ಪುರಾತನವಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

– ಗಿರಾಕಿಯ ಮಾತು ಕೇಳಿ ಪಾರ್ಸೆಲ್ ಮೇಲೆ ‘ಉಡುಗೊರೆ’ ಎಂದು ಬರೆಯುವುದು, ಹತ್ತು ಸಾವಿರದ್ದನ್ನು ಸಾವಿರ ಎನ್ನುವುದು. ಅದು ಸುಳ್ಳು ಘೋಷಣೆ. ಪಾರ್ಸೆಲ್ ಕಳೆದರೆ ಪರಿಹಾರವೂ ಆ ಸಾವಿರದ ಲೆಕ್ಕಕ್ಕೇ.

– ಆ್ಯಪ್ ಒಳಗಿನ ಮಾತುಕತೆ ಬಿಟ್ಟು ತಕ್ಷಣ ವಾಟ್ಸ್‌ಆ್ಯಪ್‌ಗೆ ಹೋಗುವುದು. ಮೋಸವಾದಾಗ ಆ್ಯಪಿನವರ ಬಳಿ ದಾಖಲೆಯೇ ಇರುವುದಿಲ್ಲ.

– ‘ವಿಳಾಸ ಅಪೂರ್ಣ, ಲಿಂಕ್ ಒತ್ತಿ ಸರಿಪಡಿಸಿ’ ಎಂದು ಅಂಚೆ ಹೆಸರಿನಲ್ಲಿ ಬರುವ ಸಂದೇಶಕ್ಕೆ ಕಾರ್ಡ್ ವಿವರ ತುಂಬುವುದು.

– ‘ನಿಮ್ಮ ವಿದೇಶಿ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ವಿಡಿಯೊ ಕಾಲ್ ಕಟ್ ಮಾಡಬೇಡಿ’ ಎಂಬ ಪೊಲೀಸ್ ವೇಷದವರಿಗೆ ಹೆದರುವುದು. ಪಾರ್ಸೆಲ್ ನಿಜವಾಗಿ ಕಳಿಸಿದವರಿಗೆ ಈ ಕರೆ ಬಂದರೆ ಎದೆ ಝಲ್ಲೆನ್ನುತ್ತದೆ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲ. ಫೋನ್ ಇಟ್ಟುಬಿಡಿ.

– ಊರಿಗೆ ಬಂದ ನೆಂಟರ ಮಗನ ಸೂಟ್‌ಕೇಸಿನಲ್ಲಿ ಪಾರ್ಟು ಕಳಿಸುವಾಗ ಒಳಗೇನಿದೆ ಎಂದು ಅವನಿಗೆ ಹೇಳದೇ ಇರುವುದು. ವಿಮಾನ ನಿಲ್ದಾಣದಲ್ಲಿ ಉತ್ತರ ಕೊಡಬೇಕಾದವನು ಅವನು.

ಹಣ ಹೋಗಿಯೇಬಿಟ್ಟರೆ

ನಾಚಿಕೆಗೆ ಸಮಯವಿಲ್ಲ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ಹೋದ ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ. ಕದ್ದ ಹಣ ಖಾತೆಯಿಂದ ಖಾತೆಗೆ ಹಾರುತ್ತಾ ಹೋಗಿ ಕೊನೆಗೆ ನಗದಾಗುತ್ತದೆ. ಅದಕ್ಕೂ ಮುಂಚೆ ದೂರು ದಾಖಲಾದರೆ ದಾರಿಯಲ್ಲಿರುವ ಬ್ಯಾಂಕಿನಲ್ಲಿ ತಡೆಯಬಹುದು. ಬ್ಯಾಂಕಿಗೂ ತಿಳಿಸಿ, ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ತಾಣದಲ್ಲೂ ದೂರು ನೋಂದಾಯಿಸಿ. ಸೈಬರ್ ಪ್ರಕರಣಗಳಿಗೆ ಮಂಡ್ಯದಲ್ಲಿ ಸಿಇಎನ್ ಠಾಣೆ ಇದೆ. ಮಳವಳ್ಳಿ, ಮದ್ದೂರಿನವರು ತಮ್ಮ ಊರಿನ ಠಾಣೆಯಲ್ಲೇ ದೂರು ಕೊಡಬಹುದು, ಸರಹದ್ದಿನ ಕಾರಣ ಹೇಳಿ ವಾಪಸ್ ಕಳಿಸುವಂತಿಲ್ಲ. ಜಾಹೀರಾತಿನ ಪುಟ, ಸಂದೇಶಗಳು, ಫೋನ್ ನಂಬರು, ಯುಪಿಐ ಐಡಿ ಎಲ್ಲದರ ಫೋಟೊ ತೆಗೆದು ಪ್ರಿಂಟ್ ಹಾಕಿಸಿ ಒಯ್ಯಿರಿ. ‘ಕಳೆದ ಹಣ ವಾಪಸ್ ಕೊಡಿಸ್ತೀವಿ, ಫೀಸು ಕಟ್ಟಿ’ ಎಂದು ಆಮೇಲೆ ಯಾರಾದರೂ ಫೋನ್ ಮಾಡಿದರೆ, ಅದೇ ಗುಂಪಿನವರು ಎರಡನೇ ಸಲ ಬಂದಿದ್ದಾರೆ ಎಂದು ತಿಳಿದು ಆ ನಂಬರನ್ನೂ ದೂರಿಗೆ ಸೇರಿಸಿ.